ಸಣ್ಣ ಕೋಣೆಯಲ್ಲಿ ವರ್ಷದ ಜೋಳ

ಬೆಳ್ಳುಳ್ಳಿ ಸುಲಿಯಲು ಕೂತಾಗ ನಾನೀಗ ಮೊದಲು ಕಿಟಕಿ ನೋಡುತ್ತೇನೆ. ತೆರೆದಿದ್ದರೆ ಮಾತ್ರ ಎಸಳು ಬಿಡಿಸುತ್ತೇನೆ. ಮಗಳು ಇದನ್ನು ಗಮನಿಸಿದ್ದಾಳೆ. "ಅಮ್ಮಾ, ಬಳ್ಳೊಳ್ಳಿ ಏನ್ ಮಾಡತೈತಿ?" ಎಂದು ಒಮ್ಮೆ ಕೇಳಿದಳು. ಏನೂ ಮಾಡುವುದಿಲ್ಲ ಎಂದೆ. ನಿಜವಾಗಿಯೂ ಅದು ಏನೂ ಮಾಡಿರಲಿಲ್ಲ. ಹೋದ ಮಳೆಗಾಲದ ಒಂದು ಶನಿವಾರ ಮಧ್ಯಾಹ್ನ, ಹೈದರಾಬಾದಿನ ಮಣಿಕೊಂಡದ ನಮ್ಮ ಬಾಡಿಗೆ ಮನೆಯ ಸಣ್ಣ ಕೋಣೆಯಲ್ಲಿ ನನ್ನ ಅತ್ತೆ ಸಾವಿನ ಹತ್ತಿರ ಹೋಗಿ ಬಂದರು. ಆಗ ಆ ಕೋಣೆಯಲ್ಲಿ ಇದ್ದದ್ದು ಬೆಳ್ಳುಳ್ಳಿಯಂಥದೇ ಒಂದು ವಾಸನೆ. ಅಷ್ಟೇ ಸಂಬಂಧ. ಆದರೆ ಮೂಗಿಗೆ ಇದನ್ನು ಹೇಳಿ ಒಪ್ಪಿಸಲು ಆಗುತ್ತಿಲ್ಲ.

ಜೋಳದಿಂದ ಆದದ್ದು ಅದು. ಅಥವಾ ಜೋಳವನ್ನು ಉಳಿಸಿಕೊಳ್ಳುವ ಹಟದಿಂದ. ಎಲ್ಲಿಂದ ಶುರುವಾಯಿತು ಎಂದು ಹುಡುಕುತ್ತ ಹೋದರೆ ನಾನು ಪ್ರತಿ ಸಲ ನಮ್ಮ ಮನೆಯ ಸಂತೆ-ಸಾಮಾನಿನ ಜಗಳಕ್ಕೇ ಬಂದು ನಿಲ್ಲುತ್ತೇನೆ.

ನಮ್ಮ ಮನೆಗೆ ಸಾಮಾನು ಬರಲು ಎರಡು ದಾರಿಗಳಿದ್ದವು. ಒಂದು, ನನ್ನ ಗಂಡನ ಫೋನು. ಗಚ್ಚಿಬೌಲಿಯ ಕಚೇರಿಯಿಂದ ಹೊರಟು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಅವರು ನಿಂತಲ್ಲೇ ಹಾಲು, ಮೊಸರು, ಟೊಮೆಟೊ ಎಂದು ಒತ್ತುತ್ತಿದ್ದರು. ಅವರು ಮನೆ ಮುಟ್ಟುವ ಮೊದಲೇ ಬಾಗಿಲಿನ ಹಿಡಿಕೆಗೆ ಕಂದು ಕಾಗದದ ಚೀಲ ತೂಗುತ್ತಿರುತ್ತಿತ್ತು. ಇನ್ನೊಂದು, ಅತ್ತೆ. ತಿಂಡಿ ಮುಗಿಸಿ, ಆಧಾರ್ ಕಾರ್ಡನ್ನು ಕುಪ್ಪಸದಲ್ಲಿ ಸಿಕ್ಕಿಸಿಕೊಂಡು, ಹೆಂಗಸರಿಗೆ ಟಿಕೆಟ್ ಹಣ ಕೇಳದ ಬಸ್ಸು ಹತ್ತಿ ಅವರು ಮೆಹದಿಪಟ್ಟಣಂನ ರೈತು ಬಜಾರಿಗೆ ಹೋಗುತ್ತಿದ್ದರು. ಬರುವಾಗ ಎರಡೂ ಕೈಯಲ್ಲಿ ಚೀಲ. ಮುಖದ ತುಂಬ ಗೆದ್ದು ಬಂದ ಕಳೆ.

"ನನ ಮಗ ಕೊತ್ತಂಬರಿ ತರಸಾಕ ಬಿಸ್ಕೀಟ್ ತರಸ್ತಾನ, ಬಿಸ್ಕೀಟ್ ತಿನ್ನಾಕ ಚಾಪುಡಿ ತರಸ್ತಾನ," ಎನ್ನುತ್ತಿದ್ದರು ಅತ್ತೆ. ಅದು ಸುಳ್ಳೂ ಅಲ್ಲ. ಇಷ್ಟರ ಮೇಲೆ ಕೊಂಡರೆ ಮನೆಗೆ ತಂದುಕೊಡುವ ಖರ್ಚು ಹಾಕುವುದಿಲ್ಲ ಎಂದು ಫೋನು ಹೇಳಿದರೆ, ಆ ಖರ್ಚು ಉಳಿಸಲು ನನ್ನ ಗಂಡ ಬೇಡದ್ದನ್ನೆಲ್ಲ ಕೊಳ್ಳುತ್ತಿದ್ದರು.

"ಅವ್ವಾ, ನೀ ರೈತು ಬಜಾರಿನಾಗ ಉಳಿಸಿದ್ದು ಮೊಣಕಾಲಿಗೆ ಹಚ್ಚೂ ಎಣ್ಣಿಗೆ ಹೋಗತೈತಿ," ಎಂದು ಅವರ ಉತ್ತರ.

"ಹೋಗ್ಲಿ ಬಿಡೋ. ಎಣ್ಣೀನೂ ನಾನಽ ತಂದೀನಿ, ಅಗ್ಗದಾಗ."

ಇಬ್ಬರೂ ನಗುತ್ತಿದ್ದರು. ನಾನು ನಡುವೆ ಇದ್ದೆ. ನನಗೂ ಕಚೇರಿ ಕೆಲಸ, ವಾರದಲ್ಲಿ ಕೆಲವು ದಿನ ಮನೆಯಿಂದಲೇ. ಸಂಜೆ ಸುಸ್ತಾದಾಗ ಫೋನಿನ ಚೀಲ ದೇವರಂತೆ ಕಾಣುತ್ತಿತ್ತು. ತಿಂಗಳ ಕೊನೆಗೆ ಬ್ಯಾಂಕಿನ ಸಂದೇಶ ನೋಡಿದಾಗ ಅತ್ತೆಯ ಚೀಲ ಸರಿ ಎನ್ನಿಸುತ್ತಿತ್ತು.

ಆದರೆ ಜೋಳದ ವಿಷಯ ಈ ನಗೆಯೊಳಗೆ ಬರುತ್ತಿರಲಿಲ್ಲ. ನಾವು ವಿಜಯಪುರದ ಕಡೆಯವರು. ದಿನಕ್ಕೆ ಒಂದು ಹೊತ್ತಾದರೂ ರೊಟ್ಟಿ ಇರಬೇಕು. ಸುಗ್ಗಿ ಮುಗಿದು ದರ ಇಳಿದಾಗ ವರ್ಷಕ್ಕಾಗುವಷ್ಟು ಬಿಳಿಜೋಳ ಕೊಂಡು ಚೀಲದಲ್ಲಿ ತುಂಬಿಡುವುದು ನಮ್ಮಲ್ಲಿ ರೂಢಿ. ನಮ್ಮ ಊರಿನ ಕಡೆಯ ಒಬ್ಬ ವ್ಯಾಪಾರಿ ಹೈದರಾಬಾದಿನ ಕನ್ನಡದ ಮನೆಗಳಿಗೆಲ್ಲ ಹಾಗೆ ಜೋಳ ತರಿಸಿಕೊಡುತ್ತಿದ್ದ. ಅತ್ತೆ ಚೀಲದೊಳಗೆ ಕೈ ತೂರಿಸಿ, ಒಂದು ಹಿಡಿ ತೆಗೆದು, ಹಲ್ಲಲ್ಲಿ ಕಡಿದು ನೋಡಿ ಹೂಂ ಅನ್ನಬೇಕು. ಆಮೇಲೆ ಚೀಲಗಳು ಸಣ್ಣ ಕೋಣೆಯಲ್ಲಿ ಅವರ ಮಂಚದ ಕೆಳಗೆ ಸೇರುತ್ತಿದ್ದವು. ಆ ಮನೆಯಲ್ಲಿ ಇನ್ನೆಲ್ಲಿ ಜಾಗ? ಹಾಗಾಗಿ ಅವರು ವರ್ಷವಿಡೀ ಜೋಳದ ಮೇಲೆಯೇ ಮಲಗುತ್ತಿದ್ದರು. ಪಕ್ಕದಲ್ಲಿ ಮೊಮ್ಮಗಳು. ಶಾಲೆ ಇಲ್ಲದ ದಿನ ಮಧ್ಯಾಹ್ನ ಊಟವಾದ ಮೇಲೆ ಅವಳು ಆಯಿಯ ಸೆರಗು ಹಿಡಿದು ಆ ಮಂಚದಲ್ಲೇ ನಿದ್ದೆ ಹೋಗುತ್ತಿದ್ದಳು.

ಆ ಶನಿವಾರಕ್ಕೆ ಹಿಂದಿನ ವರ್ಷದ ಮಳೆಗಾಲದಲ್ಲಿ ಜೋಳಕ್ಕೆ ನುಸಿ ಹತ್ತಿತು. ಊರಿನಲ್ಲಾದರೆ ಬಿಸಿಲಿಗೆ ಹರವಿ, ಒಣಗಿಸಿ, ಬೇವಿನ ಸೊಪ್ಪು ಹಾಕಿ ಮತ್ತೆ ತುಂಬುತ್ತಾರೆ. ಇಲ್ಲಿ ಬಿಸಿಲು ಇರುವುದು ಟೆರೇಸಿನಲ್ಲಿ. ಟೆರೇಸಿನ ಕೀಲಿ ಇರುವುದು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯ ಹತ್ತಿರ. ಅತ್ತೆ ಎರಡು ಸಲ ಹೋಗಿ ಕೇಳಿದರು. ಕಾಳು ಹರವಿದರೆ ಪಾರಿವಾಳ ಬರುತ್ತವೆ, ಗಲೀಜಾಗುತ್ತದೆ ಎಂದು ಅವರು ಕೊಡಲಿಲ್ಲ. ಹುಳಗಳು ಕೋಣೆ ದಾಟಿ ಪಡಸಾಲೆಗೆ ಬಂದವು, ಪಡಸಾಲೆ ದಾಟಿ ಹೊರಗಿನ ಕಾರಿಡಾರಿಗೆ. ಒಂದು ದಿನ ಎದುರು ಮನೆಯ ತೆಲುಗು ಹೆಂಗಸು ಬೆರಳ ತುದಿಯಲ್ಲಿ ಒಂದನ್ನು ಹಿಡಿದುಕೊಂಡು ಬಾಗಿಲಿಗೆ ಬಂದಳು. "ಆಂಟೀ, ಇವಿ ಮೀ ಇಂಟ್ಲೋಂಚೇ ವಸ್ತುನ್ನಾಯಿ." ಇವು ನಿಮ್ಮ ಮನೆಯಿಂದಲೇ ಬರುತ್ತಿವೆ.

"ಜ್ವಾಳದ ಹುಳಾರೀ ಅದು. ಕಡಿಯಂಗಿಲ್ಲ," ಎಂದರು ಅತ್ತೆ ಕನ್ನಡದಲ್ಲೇ. ನಕ್ಕರು. ಅವಳು ನಗಲಿಲ್ಲ.

ಆ ಸಂಜೆ ನನ್ನ ಗಂಡ ಊಟದ ತಟ್ಟೆ ಮುಂದೆ ಇಟ್ಟುಕೊಂಡೇ ಹೇಳಿದರು. "ಅವ್ವಾ, ಸಾಕು. ಮುಂದಿನ ಸಲದಿಂದ ಹಿಟ್ಟಿನ ಪಾಕೀಟ್ ತರಸೂಣು. ಬೇಕಾದಾಗ ಬೇಕಾದಷ್ಟು. ಇಟಗೊಳ್ಳೂದೂ ಇಲ್ಲ, ಹುಳಾನೂ ಇಲ್ಲ."

"ಪಾಕೀಟಿನ ಹಿಟ್ಟಿಗೆ ಜಿಗಿ ಎಲ್ಲಿರತೈತೋ? ಬಡಿಯೂದರಾಗ ಹರಕೋತೈತಿ."

"ಹರಕಂಡ್ರ ಹರಕಂಡದ್ದನ್ನಽ ತಿನ್ನೂಣು."

ಅತ್ತೆ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಆಮೇಲೆ, "ಇನ್ನೊಂದ ವರ್ಷ ನೋಡು. ಇನ್ನೊಂದ ವರ್ಷ ಹುಳ ಬಿದ್ರ ನಾನಽ ಬಿಟ್ಟಬಿಡ್ತೀನಿ. ಆಮ್ಯಾಲ ನಿನ್ನ ಫೋನಿನಾಗ ಏನ್ ಬೇಕಾದ್ದು ತರಸು," ಎಂದರು.

ಆ ಮಾತು ಅವರಿಗೆ ಎಷ್ಟು ಭಾರವಿತ್ತು ಎಂದು ನನಗೆ ಆಗಲೇ ಸ್ವಲ್ಪ ಗೊತ್ತಾಗಿತ್ತು. ಮಗಳು ಹುಟ್ಟಿದಾಗ ನನಗೆ ಆಸರೆಯಾಗಿ ಬಂದವರು, ಮಾವ ತೀರಿದ ಮೇಲೆ ಇಲ್ಲೇ ಉಳಿದರು. ಬಂದ ಹೊಸದರಲ್ಲಿ ಅವರ ಕೈಯಲ್ಲಿ ಇಡೀ ಮನೆ ಇತ್ತು. ಆಮೇಲೆ ಒಂದೊಂದಾಗಿ ಕೆಲಸಗಳು ಜಾರಿಹೋದವು. ಹೆಚ್ಚಿದ ತರಕಾರಿ ಬರತೊಡಗಿತು, ನೆನೆಸಿ ರುಬ್ಬಿದ ಹಿಟ್ಟು ಬರತೊಡಗಿತು, ಸುಲಿದ ಬೆಳ್ಳುಳ್ಳಿ ಕೂಡ ಡಬ್ಬಿಯಲ್ಲಿ ಬಂತು. ಆ ಡಬ್ಬಿಯನ್ನು ಮಾತ್ರ ಅತ್ತೆ ತೆರೆಯಗೊಡಲಿಲ್ಲ. ಶೇಂಗಾ ಹಿಂಡಿ, ಅಗಸಿ ಹಿಂಡಿ ಕುಟ್ಟಲು ಅವರೇ ಗಡ್ಡೆ ಬಿಡಿಸುತ್ತಿದ್ದರು. ಹಾಗಾಗಿ ನಮ್ಮ ಮನೆಯಲ್ಲಿ ಸದಾ ಬೆಳ್ಳುಳ್ಳಿಯ ಘಾಟು. ಇಷ್ಟೆಲ್ಲ ಹೋದ ಮೇಲೆ ಅವರದೇ ಅಂತ ಉಳಿದದ್ದು ಜೋಳ ಒಂದೇ. ಆರಿಸುವುದು, ಹಸನು ಮಾಡುವುದು, ಗಿರಣಿಗೆ ಹಾಕಿಸುವುದು, ಬಡಿಯುವುದು. ಅದು ಹೋದರೆ ಆ ಮನೆಯಲ್ಲಿ ತಾನು ಯಾಕೆ ಇರುವುದು ಎಂದು ಅವರು ಬಾಯಿಬಿಟ್ಟು ಕೇಳಿರಲಿಲ್ಲ.

ಹೋದ ಬೇಸಿಗೆಯಲ್ಲಿ ಅವರು ತಮ್ಮನ ಮಗಳ ಮದುವೆಗೆ ಊರಿಗೆ ಹೋಗಿದ್ದರು. ಬರುವಾಗ ಸಂಡಿಗೆ, ಉಪ್ಪಿನಕಾಯಿ, ಕೆಂಪು ಖಾರದ ಪುಡಿ ತಂದರು. ಜೊತೆಗೆ ಒಂದು ಸಣ್ಣ ತಗಡಿನ ಡಬ್ಬಿಯನ್ನೂ ತಂದಿದ್ದರು. ಅದನ್ನು ನಾವು ನೋಡಿರಲಿಲ್ಲ. ಅದರಲ್ಲಿ ಕಾಳಿಗೆ ಹುಳ ಬೀಳದಂತೆ ಇಡುವ ಗುಳಿಗೆಗಳಿದ್ದವು. ಅವು ಕರಗುವುದಿಲ್ಲ, ಗಾಳಿಯ ತೇವ ತಾಗಿದರೆ ಮೆಲ್ಲಗೆ ವಿಷದ ಹೊಗೆ ಬಿಡುತ್ತವೆ. ಅವರ ತಮ್ಮನ ಮನೆಯಲ್ಲಿ ಜೋಳಕ್ಕೇ ಬೇರೆ ಕೋಣೆ ಇದೆ, ಹಿತ್ತಿಲಿಗೆ ಬಾಗಿಲು. ಗುಳಿಗೆ ಇಟ್ಟು, ಬಾಗಿಲು ಹಾಕಿ, ಕೀಲಿ ಜಡಿದು ಬರುತ್ತಾರೆ. ಎಷ್ಟೋ ವರ್ಷಗಳಿಂದ ಹಾಗೇ ನಡೆದಿದೆ, ಯಾರಿಗೂ ಏನೂ ಆಗಿಲ್ಲ. ಆ ಕೋಣೆಯಲ್ಲಿ ಯಾರೂ ಮಲಗುವುದಿಲ್ಲ ಎಂಬ ಒಂದೇ ಸಂಗತಿಯ ಮೇಲೆ ಅದೆಲ್ಲ ನಿಂತಿತ್ತು. ಅತ್ತೆ ಗುಳಿಗೆಯನ್ನು ಇಲ್ಲಿಗೆ ತಂದರು. ಆ ಕೋಣೆಯನ್ನು ತರಲು ಸಾಧ್ಯವಿರಲಿಲ್ಲ.

ಇದೆಲ್ಲ ನಮಗೆ ಆಮೇಲೆ ಗೊತ್ತಾದದ್ದು. ಮಳೆ ಹಿಡಿದ ಮೇಲೆ ಒಂದು ಶುಕ್ರವಾರ ಬೆಳಿಗ್ಗೆ ಅವರು ಗೋಡೆಯ ಮೇಲೆ ಒಂದು ಹುಳ ಕಂಡರಂತೆ. ಒಂದೇ ಒಂದು. ಮಗನ ಕಣ್ಣಿಗೆ ಬೀಳುವ ಮೊದಲೇ ಅದನ್ನು ಒರೆಸಿ, ಗುಳಿಗೆಗಳನ್ನು ಹಳೆ ಸೀರೆಯ ಚೂರಿನಲ್ಲಿ ಕಟ್ಟಿ ಚೀಲಗಳೊಳಗೆ ಇಳಿಬಿಟ್ಟು ಬಾಯಿ ಹೊಲಿದರು. ಆ ರಾತ್ರಿ ಸೆಕೆ ಇದ್ದುದರಿಂದ ಕಿಟಕಿ ತೆರೆದು ಮಲಗಿದ್ದರು. ಮಗಳು ಅಂದು ನಮ್ಮ ಕೋಣೆಯಲ್ಲಿದ್ದಳು.

ಶನಿವಾರ ಬೆಳಿಗ್ಗೆ ಅತ್ತೆ ತಲೆನೋವು ಎಂದರು, ಹೊಟ್ಟೆ ತೊಳೆಸುತ್ತದೆ ಎಂದರು. ಹಿಂದಿನ ದಿನ ಬಸ್ಸಿನಲ್ಲಿ ನಿಂತು ಬಂದದ್ದಕ್ಕೆ ಪಿತ್ತ ಎಂದು ಅವರೇ ತೀರ್ಮಾನಿಸಿ ಜೀರಿಗೆ ನೀರು ಕುಡಿದರು. ನನ್ನ ಗಂಡನಿಗೆ ಅಂದು ಕಚೇರಿ ಇತ್ತು. ನಾನು ಮನೆಯಿಂದ ಕೆಲಸ ಮಾಡುತ್ತಿದ್ದೆ. ಮಗಳಿಗೆ ಶಾಲೆಯ ಏನೋ ಚಿತ್ರ ಅಂಟಿಸುವ ಕೆಲಸವಿತ್ತು. ಚಾರ್ಟ್ ಕಾಗದ ಬೇಕು ಎಂದು ಬೆಳಿಗ್ಗೆ ನೆನಪಾಯಿತು. ಅವಳ ಅಪ್ಪ ಕಚೇರಿಯಿಂದಲೇ ಫೋನಿನಲ್ಲಿ ತರಿಸಿದರು. ಕಾಗದ, ಗೋಂದು, ಬಣ್ಣದ ಪೆನ್ನು, ತೂಕಕ್ಕೆ ಎಂಬಂತೆ ಒಂದು ಚಿಪ್ಸ್ ಪೊಟ್ಟಣ.

ಅತ್ತೆ ಬಾಗಿಲಿನ ಹಿಡಿಕೆಯಿಂದ ಚೀಲ ತೆಗೆದು ನನ್ನ ಮುಂದೆ ಹಿಡಿದರು. "ನೋಡವಾ ತಂಗೀ. ಒಂದ ಹಾಳಿ ಕಾಗದಕ್ಕ ಗಾಡಿ ಓಡಿಸ್ಕೊಂಡ ಬಂದ ಹೋದ ಪಾಪ. ಕೆಳಗಿನ ಅಂಗಡ್ಯಾಗ ಸಿಗ್ತಿರ್ಲಿಲ್ಲೇನು? ಮಳ್ಯಾಗ ನಾನಽ ತಂದ ಕೊಡ್ತಿದ್ದೆ."

"ತಲಿ ನೋವೈತಿ ಅಂತೀರಿ, ಮಳ್ಯಾಗ ಎಲ್ಲಿ ಹೋಗ್ತೀರಿ ಅತ್ತೀ?"

"ತಲಿ ನೋವು ತಲೀದು. ಕಾಲೇನ್ ಮಾಡ್ಯಾವು?"

ಇದು ಅವರು ಸರಿಯಾಗಿ ಆಡಿದ ಕೊನೆಯ ತಮಾಷೆ. ಊಟ ಸರಿಯಾಗಿ ಮಾಡಲಿಲ್ಲ. ಮಳೆ ಜೋರಾಯಿತು. ಪಕ್ಕದ ಸೈಟಿನಲ್ಲಿ ಕಟ್ಟಡದ ಕೆಲಸ ನಡೆದಿತ್ತು, ಎರಚಲಿನ ಜೊತೆ ಕೆಸರೂ ಹಾರುತ್ತಿತ್ತು. ಅತ್ತೆ ಸಣ್ಣ ಕೋಣೆಯ ಕಿಟಕಿ ಮುಚ್ಚಿದರು. ನನಗೆ ಮೀಟಿಂಗ್ ಇದೆ ಎಂದು ಗೊತ್ತಿದ್ದರಿಂದ, "ನೀ ಮಾತಾಡ್ಕೋ, ನಾ ಒಂದೀಟ ಅಡ್ಡಾಗ್ತೀನಿ," ಎಂದು ಬಾಗಿಲನ್ನೂ ಎಳೆದುಕೊಂಡರು. ಮೊಮ್ಮಗಳನ್ನು ಕರೆದರು. "ಬಾರವ್ವ, ಮಲಗೂಣು."

"ಆಯಿ, ಇನ್ನೂ ಅಂಟಸೂದೈತಿ."

"ಎದ್ದ ಮ್ಯಾಲ ಅಂಟಸ್ತಿಯಂತ ಬಾ."

"ಗೋಂದು ಒಣಗ್ತೈತಿ ಆಯೀ!"

ಇಷ್ಟೇ ಮಾತು. ನನ್ನ ತಲೆಯಲ್ಲಿ ಈಗಲೂ ಇದು ನಡೆಯುತ್ತಲೇ ಇದೆ. ಬಸ್ಸಿನಲ್ಲಿ, ಕಚೇರಿಯ ಲಿಫ್ಟಿನಲ್ಲಿ, ಹಲ್ಲುಜ್ಜುವಾಗ. ಕೆಲವೊಮ್ಮೆ ಅದರಲ್ಲಿ ಮಗಳು ಗೋಂದಿನ ಮುಚ್ಚಳ ಹಾಕಿ ಎದ್ದು ಹೋಗುತ್ತಾಳೆ. ಬಾಗಿಲು ಮುಚ್ಚುತ್ತದೆ. ನಾನು ಮೀಟಿಂಗಿನಲ್ಲಿ ಮಾತಾಡುತ್ತಲೇ ಇರುತ್ತೇನೆ.

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಒಳಗೆ ತಾಮ್ರದ ತಂಬಿಗೆ ಬಿದ್ದ ಸದ್ದಾಯಿತು. ಆಮೇಲೆ ವಾಂತಿಯ ಸದ್ದು. ಹೋಗಿ ಬಾಗಿಲು ತೆರೆದೆ. ಅತ್ತೆ ಮಂಚದ ಅಂಚಿನಲ್ಲಿ ಎರಡೂ ಕೈ ಊರಿ ಕೂತಿದ್ದರು. ತುಟಿಯ ಬಣ್ಣ ಬೂದಿಯಂತಾಗಿತ್ತು. ಕೋಣೆಯ ತುಂಬ ಬೆಳ್ಳುಳ್ಳಿಯ ವಾಸನೆ, ಅದರ ಹಿಂದೆ ಕೊಳೆತ ಮೀನಿನಂಥದೊಂದು. ನಾನು ಬಾಗಿಲಲ್ಲಿ ನಿಂತು ಕೇಳಿದ ಮೊದಲ ಮಾತು, "ಅತ್ತೀ, ಬಳ್ಳೊಳ್ಳಿ ಎಲ್ಲಿ ಇಟ್ಟೀರಿ?" ಎಂದು. ಅಷ್ಟು ನಮ್ಮ ಮನೆಯದೇ ವಾಸನೆ ಅದು.

"ಎದಿ ಹಿಡದಂಗಾಗೈತವಾ," ಎಂದರು. ಕೈ ಮಂಚದ ಕೆಳಗೆ ತೋರಿಸಿತು. "ಜ್ವಾಳಕ್ಕ ಔಷಧ ಹಾಕೇನಿ. ಅದರದಽ ಏನೋ."

ನಾನು ಬಿಎಸ್ಸಿ ಓದಿದವಳು. ಪ್ರಯೋಗಾಲಯದ ಯಾವುದೋ ಪಾಠದಲ್ಲಿ, ಒಂದು ಅನಿಲದ ಹೆಸರಿನ ಮುಂದೆ, ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನ ವಾಸನೆ ಎಂದು ಬರೆದುಕೊಂಡಿದ್ದೆ. ಪರೀಕ್ಷೆಗೆ ಓದಿದ್ದ ಆ ಸಾಲು ಆಗ ನೆನಪಾಯಿತು. ಉಸಿರು ಬಿಗಿಹಿಡಿದು ಅವರ ಕಂಕುಳಿಗೆ ಕೈ ಹಾಕಿ ಎತ್ತಿ ಎಳೆದೆ. ಅವರು ಭಾರದ ಹೆಂಗಸು. ಬಾಗಿಲ ಹೊಸ್ತಿಲಲ್ಲಿ ಇಬ್ಬರೂ ಬಿದ್ದೆವು. ಮಗಳು ಚಾರ್ಟ್ ಕಾಗದದ ನಡುವೆ ಎದ್ದು ನಿಂತಿದ್ದಳು. "ಹೊರಗ ಹೋಗು!" ಎಂದು ಕಿರುಚಿದೆ. ಅವಳು ನಮ್ಮ ಕಡೆಗೇ ಬಂದಳು. ಮಕ್ಕಳು ಹೆದರಿದರೆ ಅಮ್ಮನ ಕಡೆಗೇ ಬರುತ್ತವೆ. ನನ್ನ ಜೀವನದಲ್ಲಿ ಮೊದಲ ಸಲ ನಾನು ಅವಳನ್ನು ಕೈಯಿಂದ ದೂರ ತಳ್ಳಿದೆ.

ಸದ್ದಿಗೆ ಎದುರು ಮನೆಯವಳು ಬಂದಳು, ಬೆರಳ ತುದಿಯಲ್ಲಿ ಹುಳ ತಂದು ತೋರಿಸಿದ್ದವಳೇ. ಏನು ಎತ್ತ ಕೇಳದೆ ಮಗಳನ್ನು ಎತ್ತಿಕೊಂಡು ತನ್ನ ಮನೆಗೆ ಹೋದಳು. ಅವಳ ಗಂಡ ಬಂದು ಅತ್ತೆಯ ಇನ್ನೊಂದು ತೋಳು ಹಿಡಿದ. ಕೆಳಗೆ ಗೇಟಿನಲ್ಲಿ ನಿಂತು ನಾನು ಫೋನಿನಲ್ಲಿ ಕ್ಯಾಬ್ ಕರೆದೆ. ಪರದೆಯ ಮೇಲೆ ಪುಟ್ಟ ಕಾರು ಅಲ್ಲೇ ಗಿರಗಿರನೆ ತಿರುಗುತ್ತಿತ್ತು, ಮುಂದೆ ಬರುತ್ತಿರಲಿಲ್ಲ. ಗಲ್ಲಿಯ ಬಾಯಿಗೆ ಕಾಂಕ್ರೀಟ್ ಲಾರಿ ಅಡ್ಡ ನಿಂತಿತ್ತು. ಕೊನೆಗೆ ಎದುರು ಮನೆಯವಳ ಗಂಡನೇ ಮಳೆಯಲ್ಲಿ ಓಡಿಹೋಗಿ ಮುಖ್ಯರಸ್ತೆಯಿಂದ ಒಂದು ಆಟೋ ತಂದ.

ಆಟೋದಲ್ಲಿ ಅತ್ತೆಯ ತಲೆ ನನ್ನ ಭುಜದ ಮೇಲಿತ್ತು. ಮೈ ತಣ್ಣಗೆ ಬೆವೆತಿತ್ತು. ಕಣ್ಣು ಮುಚ್ಚಿಕೊಂಡೇ ಕೇಳಿದರು, "ಎಷ್ಟಂದ?"

"ಏನ್ರೀ?"

"ಆಟೋದಂವ. ಮೊದಲಽ ಮಾತಾಡ್ಕೋಬೇಕವಾ. ಇಳಿದ ಮ್ಯಾಲ ಬಾಯಿಗೆ ಬಂದಂಗ ಕೇಳ್ತಾರ."

"ಸುಮ್ನಿರ್ರೀ ಅತ್ತೀ," ಎಂದೆ. ಅಳುತ್ತಿದ್ದೆನೋ ನಗುತ್ತಿದ್ದೆನೋ ತಿಳಿಯಲಿಲ್ಲ. ಆಮೇಲೆ ಅವರು ಮಾತಾಡಲಿಲ್ಲ. ಅದರಿಂದ ಇನ್ನೂ ಹೆದರಿಕೆಯಾಯಿತು. ಮಾತಾಡಿರಿ, ದರ ಕೇಳಿರಿ, ಬೈಯಿರಿ ಎಂದು ಅವರ ಗಲ್ಲ ತಟ್ಟುತ್ತ ಹೋದೆ.

ಆಸ್ಪತ್ರೆಯಲ್ಲಿ ನಾನು ಗುಳಿಗೆಯ ವಿಷಯ ಹೇಳಿದ ಕೂಡಲೇ ಅಲ್ಲಿದ್ದವರ ಮುಖ ಬದಲಾಯಿತು. ಆ ಗುಳಿಗೆ ಅವರಿಗೆ ಬೇರೆಯೇ ಕಾರಣಕ್ಕೆ ಗೊತ್ತಿತ್ತು, ಆತ್ಮಹತ್ಯೆಗೆ ಯತ್ನಿಸಿದವರಿಂದ. ಡ್ಯೂಟಿ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ನನ್ನನ್ನು ಪಕ್ಕಕ್ಕೆ ಕರೆಯದೆ ಅಲ್ಲೇ ಕೇಳಿದಳು: "ಇಂಟ್ಲೋ ಏಮೈನಾ ಗೊಡವ ಜರಿಗಿಂದಾ?" ಮನೆಯಲ್ಲೇನಾದರೂ ಜಗಳವಾಯಿತಾ?

ಅತ್ತೆಗೆ ತೆಲುಗು ಅಷ್ಟಾಗಿ ಬರುವುದಿಲ್ಲ. ಆದರೆ ‘ಗೊಡವ’ ಎಂಬ ಆ ಒಂದು ಮಾತು ರೈತು ಬಜಾರಿನಲ್ಲಿ ಕೇಳಿ ಗೊತ್ತಿತ್ತು. ಮುಖದ ಮೇಲಿದ್ದ ಆಕ್ಸಿಜನ್ ಮಾಸ್ಕನ್ನು ಕೈಯಿಂದ ಸರಿಸಿದರು. "ಜಗಳಿಲ್ಲರೀ. ನನ ಸೊಸಿ ಏನೂ ಮಾಡಿಲ್ಲ. ಜ್ವಾಳಕ್ಕ ಹುಳ ಬೀಳಬಾರದಂತ ನಾನಽ ಹಾಕೇನಿ."

ಡಾಕ್ಟರಿಗೆ ಕನ್ನಡ ತಿಳಿಯಲಿಲ್ಲ. "ಏಮಂಟುನ್ನಾರು?" ಏನನ್ನುತ್ತಿದ್ದಾರೆ ಎಂದು ನನ್ನನ್ನೇ ನೋಡಿದಳು. ನಾನು ಏನೂ ಮಾಡಿಲ್ಲ ಎಂದು ಅತ್ತೆ ಹೇಳಿದ್ದನ್ನು ನಾನೇ ನನ್ನ ಬಾಯಿಂದ ತೆಲುಗಿನಲ್ಲಿ ಹೇಳಬೇಕಾಯಿತು. ಹೇಳುತ್ತ ಹೇಳುತ್ತ ನನ್ನ ದನಿ ನನಗೇ ಸುಳ್ಳಿನಂತೆ ಕೇಳಿಸಿತು. ಅವಳು ಬರೆದುಕೊಂಡಳು. ನಂಬಿದಳೋ ಇಲ್ಲವೋ.

ಇದಕ್ಕೆ ಇಂಥದೇ ಎಂಬ ಮದ್ದು ಇಲ್ಲ, ಹೃದಯ ಹೇಗೆ ತಡೆದುಕೊಳ್ಳುತ್ತದೆ ಎಂದು ಕಾಯಬೇಕು ಎಂದರು. ನನ್ನ ಗಂಡ ಬಂದರು. ಒದ್ದೆ ಬಟ್ಟೆಯಲ್ಲೇ ಐಸಿಯುವಿನ ಹೊರಗೆ ಕೂತೆವು. ಹಿರಿಯ ಡಾಕ್ಟರೊಬ್ಬರು ಹೊರಗೆ ಬಂದು, ಆ ಕೋಣೆಯಲ್ಲಿ ಇನ್ನು ಯಾರಾದರೂ ಇದ್ದರೇ ಎಂದು ಕೇಳಿದರು. ಸಾಮಾನ್ಯವಾಗಿ ಮಗಳು ಜೊತೆಗೇ ಮಲಗುತ್ತಾಳೆ, ಇವತ್ತು ಇರಲಿಲ್ಲ ಎಂದೆ. "ಚಿಕ್ಕ ಮಕ್ಕಳಾದರೆ..." ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದವರು ನಮ್ಮ ಮುಖ ನೋಡಿ ನಿಲ್ಲಿಸಿದರು. ಆ ವಾಕ್ಯ ಇವತ್ತಿಗೂ ಮುಗಿದಿಲ್ಲ.

ಅತ್ತೆ ಬದುಕಿದರು. ಸಾಮಾನ್ಯ ವಾರ್ಡಿಗೆ ತಂದ ದಿನ ಮಗನನ್ನು ನೋಡಿ ಕೇಳಿದ ಮೊದಲ ಮಾತು, "ಜ್ವಾಳ ಏನ್ ಮಾಡಿದ್ರಿ?"

"ಚೆಲ್ಲಿದ್ವಿ ಅವ್ವಾ."

"ಎಲ್ಲಾ?"

"ಎಲ್ಲಾ."

ಗೋಡೆಯ ಕಡೆ ಮುಖ ತಿರುಗಿಸಿದರು.

ಚೆಲ್ಲುವುದೂ ಸುಲಭವಿರಲಿಲ್ಲ. ಕಿಟಕಿಗಳನ್ನೆಲ್ಲ ತೆರೆದಿಟ್ಟು ನಾವು ಎದುರು ಮನೆಯಲ್ಲಿ ಉಳಿದೆವು. ಚೀಲಗಳನ್ನು ಎಲ್ಲಿಡುವುದು ಎಂದಾಗ ಸಂಘದ ಕಾರ್ಯದರ್ಶಿ ತಾವೇ ಓಡಿ ಬಂದು ಟೆರೇಸಿನ ಬಾಗಿಲು ತೆರೆದರು. ಜೋಳ ಕೊನೆಗೂ ಟೆರೇಸು ಹತ್ತಿತು. ಪಾರಿವಾಳ ಮುಟ್ಟದಂತೆ ಮೇಲೆ ತಾಡಪಾಲು ಹೊದಿಸಿದರು. ಆಮೇಲೆ ಅವರೇ ಯಾರನ್ನೋ ಕರೆಸಿ ಸಾಗಿಸಿದರು. ಕೀಲಿ ಕೊಟ್ಟಿದ್ದರೆ ಎಂದು ನಾನು ಯೋಚಿಸುತ್ತೇನೆ. ಹಾಗೆಯೇ, ಆ ಚಾರ್ಟ್ ಕಾಗದ ಅತ್ತೆ ಹೇಳಿದಂತೆ ಕೆಳಗಿನ ಅಂಗಡಿಯಿಂದ ಬರಬೇಕಾಗಿದ್ದರೆ ಮಳೆ ನಿಲ್ಲುವವರೆಗೆ ಬರುತ್ತಿರಲಿಲ್ಲ, ಮಗಳು ಮಲಗಿರುತ್ತಿದ್ದಳು ಎಂದೂ ಯೋಚಿಸುತ್ತೇನೆ. ಇದರಿಂದ ಯಾವ ದಾರಿ ಸರಿ ಎಂದು ಏನೂ ಸಾಬೀತಾಗುವುದಿಲ್ಲ. ಸಾಬೀತಾಗಿದ್ದರೆ ಸಮಾಧಾನವಾಗುತ್ತಿತ್ತೇನೋ.

ಮನೆಗೆ ಬಂದ ಅತ್ತೆ ಬೇರೆಯವರಂತಿದ್ದರು. ಪಡಸಾಲೆಯಲ್ಲಿ ಮಲಗತೊಡಗಿದರು. ಮೆಹದಿಪಟ್ಟಣಂ ನಿಂತುಹೋಯಿತು. ಬಾಗಿಲಿನ ಹಿಡಿಕೆಗೆ ಚೀಲ ಬಂದರೆ ಏನೂ ಅನ್ನದೆ ತಂದು ಮಗನ ಮುಂದೆ ಇಡುತ್ತಿದ್ದರು. ಅದರಲ್ಲೇ ಜೋಳದ ಹಿಟ್ಟಿನ ಪಾಕೀಟೂ ಬರುತ್ತಿತ್ತು. "ಇದನ್ನ ಒಡೀಲೇನವಾ?" ಎಂದು ನನ್ನ ಕೇಳಿ ಒಡೆಯುತ್ತಿದ್ದರು. ಯಾವಾಗ ಬೀಸಿದ ಹಿಟ್ಟೋ, ರೊಟ್ಟಿ ಬಡಿಯುವಾಗ ಅಂಚು ಹರಿಯುತ್ತಿತ್ತು. ಹರಿದದ್ದನ್ನು ಬೆರಳಿಂದ ಕೂಡಿಸಿ ಬೇಯಿಸುತ್ತಿದ್ದರು. ಜಿಗಿ ಇಲ್ಲ ಎಂದು ಒಂದು ದಿನವೂ ಅನ್ನಲಿಲ್ಲ. ಒಮ್ಮೆ ನನ್ನ ಗಂಡ ಆಸ್ಪತ್ರೆಯ ಬಿಲ್ಲು ನೋಡುತ್ತ, "ಇಷ್ಟ ವರ್ಷ ಉಳಿಸಿದ್ದೆಲ್ಲ ಒಂದಽ ಸಲಕ್ಕ..." ಎಂದು ತುಟಿ ಕಚ್ಚಿಕೊಂಡರು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು, ಮೆಲ್ಲಗೆ.

ನನಗೆ ಬೇಕಾದದ್ದು ಇದೇ ಅಲ್ಲವೇ? ಮನೆಯಲ್ಲಿ ಚೀಲವಿಲ್ಲ, ಗುಳಿಗೆಯಿಲ್ಲ, ಅಪಾಯವಿಲ್ಲ. ಆದರೂ ಮಧ್ಯಾಹ್ನ ಅವರು ಮಲಗಿದರೆ ಕೆಲಸ ಬಿಟ್ಟು ಬಂದು ಎದೆ ಏರಿಳಿಯುವುದನ್ನು ನೋಡಿ ಹೋಗುತ್ತಿದ್ದೆ. ಉಸಿರು ಸರಿಯಾಗಿಯೇ ಇರುತ್ತಿತ್ತು.

ಈ ವರ್ಷ ಸುಗ್ಗಿ ಮುಗಿದ ಮೇಲೆ ಜೋಳದ ವ್ಯಾಪಾರಿಯ ಫೋನು ಬಂತು. ಅವನ ದನಿ ದೊಡ್ಡದು, ಕೋಣೆಯ ಈ ಕಡೆಗೂ ಕೇಳುತ್ತಿತ್ತು. "ಅಕ್ಕಾರ, ಆರಾಮ ಅದೀರಿಲ್ಲೋ? ಈ ಸಲ ಕಾಳು ಮುತ್ತಿನಂಗ ಅದಾವರಿ. ಎಷ್ಟ ಚೀಲ ಕಳಸ್ಲಿ?"

"ಈ ಸಲ ಬ್ಯಾಡಪಾ," ಎಂದರು ಅತ್ತೆ. "ಇಲ್ಲಿ ಎಲ್ಲಾ ಬಾಗಲಿಗಽ ಬರತೈತಿ. ಬೇಕಾದಾಗ ಬೇಕಾದಷ್ಟು."

ಮಗ ಊಟದ ತಟ್ಟೆಯ ಮುಂದೆ ಆಡಿದ್ದ ಅದೇ ಮಾತು, ಒಂದಕ್ಷರ ಆಚೆ ಈಚೆ ಇಲ್ಲ. ಅದನ್ನು ಹೇಳುವಾಗ ಅವರು ನೆಲ ನೋಡುತ್ತಿದ್ದರು. ಕೈ ಚಾಚಿ ಫೋನು ತೆಗೆದುಕೊಂಡೆ.

"ಅಣ್ಣಾರ, ಒಂದ ಸಣ್ಣ ಚೀಲ ಕಳಸ್ರಿ. ಮುಗಿದ ಮ್ಯಾಲ ಮತ್ತ ಹೇಳ್ತೀವಿ."

ಹೀಗೆ ತರಿಸಿದರೆ ಸುಗ್ಗಿಯ ದರ ಸಿಗುವುದಿಲ್ಲ, ಪಾಕೀಟಿನ ಅನುಕೂಲವೂ ಇಲ್ಲ. ಅದು ನನಗೆ ಗೊತ್ತಿತ್ತು. ಅತ್ತೆ ತಲೆಯೆತ್ತಿ ನನ್ನನ್ನು ನೋಡಿದರು.

"ಹುಳ ಬಿದ್ರ?"

"ಬೀಳ್ಲಿ ಬಿಡ್ರಿ."

"ನಿನ್ನ ಗಂಡ ಏನಂತಾನೋ."

"ಅವರಿಗೆ ನಾ ಹೇಳ್ತೀನಿ. ಔಷಧ ಮಾತ್ರ..."

"ಇಲ್ಲವಾ," ಎಂದರು. "ಇನ್ ಹುಟ್ಟಾ ಮುಟ್ಟಂಗಿಲ್ಲ."

ಚೀಲ ಬಂತು. ಪಡಸಾಲೆಯಲ್ಲಿ, ಎಲ್ಲರ ಕಣ್ಣೆದುರು, ಬಾಯಿ ಬಿಚ್ಚಿ ನಿಲ್ಲಿಸಿದ್ದೇವೆ. ಬಂದವರು ಎಡವುತ್ತಾರೆ. ಬಸ್ ಸ್ಟಾಪಿನ ಮರದಿಂದ ಅತ್ತೆ ಬೇವಿನ ಸೊಪ್ಪು ತಂದು ನೆರಳಲ್ಲಿ ಒಣಗಿಸಿ ಹಾಕಿದ್ದಾರೆ. ಮೊನ್ನೆ ಮೊದಲ ಸಲ ಗಿರಣಿಗೆ ಹೋಗಿ ಬಂದರು. ರೊಟ್ಟಿ ಹರಿಯಲಿಲ್ಲ, ತಟ್ಟೆಗೆ ಹಾಕುವಾಗ ಅವರು ನನ್ನ ಮುಖ ನೋಡಿದರು.

ಈಗ ಮತ್ತೆ ಮಳೆ ಹಿಡಿದಿದೆ. ನಿನ್ನೆ ಮಧ್ಯಾಹ್ನ ಅತ್ತೆ ಮತ್ತು ಮಗಳು ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಿದ್ದರು. ಎರಚಲು ಬರುತ್ತಿದ್ದರೂ ನಾನು ಕಿಟಕಿ ಮುಚ್ಚಗೊಡಲಿಲ್ಲ. ಚಾಪೆಯ ಅಂಚು ಒದ್ದೆಯಾಗಿತ್ತು. ಚೀಲದ ಪಕ್ಕದ ಗೋಡೆಯ ಮೇಲೆ ಒಂದು ಹುಳ ಹತ್ತುತ್ತಿತ್ತು. ಎಳ್ಳಿನಷ್ಟೇ ಇದ್ದ ಅದು ಸ್ವಲ್ಪ ಹತ್ತಿ, ನಿಂತು, ಮತ್ತೆ ಹತ್ತಿತು. ಹಿಂದೆ ಆಗಿದ್ದರೆ ಒರೆಸುತ್ತಿದ್ದೆ. ನಾನು ಕುರ್ಚಿ ಎಳೆದು ಅದರ ಎದುರು ಕೂತೆ. ಅದು ನಡೆಯುತ್ತಿರುವವರೆಗೆ ಗಾಳಿ ಸರಿಯಿದೆ. ಅವರಿಬ್ಬರೂ ಏಳುವವರೆಗೆ ಅದನ್ನೇ ನೋಡುತ್ತಿದ್ದೆ.